ಗೇಮಿಂಗ್ ಕಂಪ್ಯೂಟರಿಗೊಂದು ಹಗ್ಗ

ಸಿದ್ಧವಾದ ಸಾಮಾನನ್ನು ಅಂಗಡಿಯಿಂದ ನೇರವಾಗಿ ಮನೆಗೆ ತಂದವರ ಹತ್ತಿರ ಹೇಳಲು ಏನೂ ಇರುವುದಿಲ್ಲ. ಒಂದೊಂದು ಭಾಗವನ್ನು ಒಂದೊಂದು ಊರಲ್ಲಿ ಹುಡುಕಿ ಕೂಡಿಸುವವರಿಗೆ ಮಾತ್ರ ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಮೂವತ್ತೆಂಟು ಸಾವಿರ ರೂಪಾಯಿಯಲ್ಲಿ ಗೇಮಿಂಗ್ ಕಂಪ್ಯೂಟರ್ ಕೂಡಿಸುತ್ತೇನೆಂದು ನಾನು ಹೊರಟಾಗ ಅದರ ಬಗ್ಗೆ ತಿಳಿದವರು, "ಅಷ್ಟರಾಗ ಆಗೂದಿಲ್ರಿ" ಎಂದರು. ತಿಳಿಯದವರು, "ಅಷ್ಟ್ಯಾಕ್ರಿ?" ಎಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ.

೧. ಹತ್ತು ನಿಮಿಷದ ಕಾರು

ನನ್ನ ಹಟ ನಿನ್ನೆ ಮೊನ್ನೆಯದಲ್ಲ. ಕೊಪ್ಪಳ ಜಿಲ್ಲೆಯಾದ ಹೊಸತು ಅದು. ಆಗಷ್ಟೇ ಪಿಯುಸಿ ಮುಗಿಸಿದ್ದ ನಾನು ಅಲ್ಲೊಂದು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಹನ್ನೆರಡು ಟೈಪ್‌ರೈಟರುಗಳ ನಡುವೆ ಒಂದೇ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಕೆಂಪು ಮಖಮಲ್ಲಿನ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು, ಕೈತೊಳೆದು ಬಂದವರಿಗೆ ಮಾತ್ರ ದರ್ಶನ.

ಕ್ಲಾಸು ನಡೆಸುವ ಸರ್ ಒಂದು ನಿಯಮ ಮಾಡಿದ್ದರು. ಒಂದು ಪುಟವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದವರು ಹತ್ತು ನಿಮಿಷ ಆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. ಅದರಲ್ಲಿ ಒಂದು ಕಾರು ಓಡಿಸುವ ಆಟ ಇತ್ತು, ಅದು ತೆರೆದುಕೊಳ್ಳುವುದಕ್ಕೇ ಎಂಟು ನಿಮಿಷ ಹೋಗುತ್ತಿತ್ತು. ನಾನು ದಿನಾ ತಪ್ಪಿಲ್ಲದ ಒಂದು ಪುಟ ಒಪ್ಪಿಸಿ ಕಾರು ಹತ್ತುತ್ತಿದ್ದೆ. ಮೊದಲ ತಿರುವು ದಾಟುತ್ತಿದ್ದೆ, ಎರಡನೆಯದೂ ದಾಟುತ್ತಿದ್ದೆ. ಮೂರನೇ ತಿರುವು ಕಣ್ಣಿಗೆ ಬಿತ್ತು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಸರ್ ದನಿ ಕೇಳುತ್ತಿತ್ತು, "ಏಳವಾ, ಹತ್ತು ನಿಮಿಷ ಆತು."

ಆರು ತಿಂಗಳಲ್ಲಿ ಒಂದು ದಿನವೂ ಮೂರನೇ ತಿರುವಿನ ಆಚೆ ಏನಿದೆ ಎಂದು ನಾನು ನೋಡಲಿಲ್ಲ. ಸಮುದ್ರ ಬರುತ್ತದೆ ಎಂದು ಒಬ್ಬ ಗೆಳತಿ ಹೇಳಿದಳು. ಇನ್ನೊಬ್ಬಳು ಅಲ್ಲಿಗೆ ರಸ್ತೆಯೇ ಮುಗಿಯುತ್ತದೆ ಎಂದಳು. ಅವರಿಬ್ಬರೂ ಪುಟಕ್ಕೆ ಹತ್ತು ತಪ್ಪು ಮಾಡುವವರು, ಆ ಕಾರನ್ನು ದೂರದಿಂದಷ್ಟೇ ಕಂಡವರು.

ಟೈಪಿಂಗ್ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಅಪ್ಪ ಓಣಿಗೆಲ್ಲ ಪೇಡೆ ಹಂಚಿ, "ನನ್ನ ಮಗಳಿಗೆ ಓದಿನ ಮ್ಯಾಲ ಎಂಥಾ ಧ್ಯಾನ" ಎಂದು ಹೇಳಿಕೊಂಡು ತಿರುಗಿದ. ಮುಂದೆ ಆ ವೇಗದ ಮೇಲೆಯೇ ಅಳವಂಡಿ ಕಡೆಯ ಒಂದು ಪಂಚಾಯತಿಯಲ್ಲಿ ಡಾಟಾ ಎಂಟ್ರಿ ಕೆಲಸ ಸಿಕ್ಕಿತು. ಆಟ ಆಡಿ ಕೆಟ್ಟವರು ನಮ್ಮ ಬಳಗದಲ್ಲಿ ಬೇಕಾದಷ್ಟಿದ್ದಾರೆ. ಆಟ ಆಡಿ ನೌಕರಿ ಹಿಡಿದವಳು ನಾನೊಬ್ಬಳೇ.

೨. "ಯಾರಿಗ್ರಿ?"

ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲೆ, ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದ ಚೀಟಿಯಲ್ಲಿ ನನ್ನ ಹೆಸರು ಎದ್ದಿತು. ಕೈಗೆ ಮೂವತ್ತೆಂಟು ಸಾವಿರ ಬಂತು. ಅದೇ ಹೊತ್ತಿಗೆ ನಮ್ಮ ಫ್ರಿಜ್ಜು ಸದ್ದು ಮಾಡುವುದೊಂದನ್ನು ಬಿಟ್ಟು ಉಳಿದ ಕೆಲಸವನ್ನೆಲ್ಲ ನಿಲ್ಲಿಸಿತ್ತು. ಕೊಪ್ಪಳದ ಬೇಸಿಗೆ ಹತ್ತಿರ ಬಂದಿತ್ತು. ಗೇಮಿಂಗ್ ಕಂಪ್ಯೂಟರ್ ತರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಯಜಮಾನರು ಫ್ರಿಜ್ಜಿನ ಕಡೆ ನೋಡಿದರು. ಅತ್ತೆ ನನ್ನ ಕಡೆ ನೋಡಿದರು.

"ರೊಕ್ಕ ನಿಂದು, ನಾ ಬ್ಯಾಡ ಅನ್ನಾಂಗಿಲ್ಲ" ಎಂದರು ಅತ್ತೆ. "ಆದ್ರ ಯುಗಾದಿ ದಿನ ನಾ ದೀಪ ಹಚ್ಚೂದ್ರಾಗ ಅದು ಚಾಲೂ ಆಗಿರಬೇಕು. ಆಗಲಿಲ್ಲಂದ್ರ ತಂದದ್ದನ್ನೆಲ್ಲಾ ಮಾರಿ ಫ್ರಿಜ್ಜು ತರೂದು."

ಒಪ್ಪಿಕೊಂಡೆ. ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಮೊದಲು ಕೊಪ್ಪಳದ ಅಂಗಡಿಗೇ ಯಜಮಾನರನ್ನು ಕರೆದುಕೊಂಡು ಹೋದೆ. ಅಂಗಡಿಯವನು, "ಯಾರಿಗ್ರಿ?" ಎಂದು ಯಜಮಾನರನ್ನು ಕೇಳಿದ.

"ನನಗ್ರಿ" ಎಂದೆ ನಾನು.

"ಮಗಗೇನ್ರಿ?" ಎಂದ, ಮತ್ತೂ ಯಜಮಾನರ ಕಡೆ ನೋಡಿ.

"ಮಗಳದಾಳ್ರಿ. ಆಕಿಗೂ ಅಲ್ಲ, ನನಗ."

"ಆಫೀಸ್ ಕೆಲಸಕ್ಕೇನ್ರಿ?"

"ಕಾರ್ ಓಡಸಾಕ."

ಅವನು ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಮೆಮರಿ ಬೇಕೆಂದು ಯಜಮಾನರನ್ನು ಕೇಳಿದ. ಟಿವಿ ರಿಮೋಟಿಗೆ ಸೆಲ್ಲು ಹಾಕಲು ನನ್ನನ್ನು ಕರೆಯುವ ಯಜಮಾನರು ಗಂಭೀರವಾಗಿ ಗಲ್ಲ ಕೆರೆದುಕೊಂಡು, "ಮನಿಗೆ ಸಾಕಾಗುವಷ್ಟ ಇದ್ರ ಆತು" ಎಂದರು. "ಸರ್‌ಗೆ ಎಲ್ಲಾ ಗೊತ್ತೈತಿ" ಎಂದು ಅವನು ನನಗೆ ಹೇಳಿದ. ಅವತ್ತಿನಿಂದ ಯಜಮಾನರನ್ನು ಕರೆದುಕೊಂಡು ಹೋಗುವುದನ್ನು ಬಿಟ್ಟೆ.

೩. ಮೂರು ದರಪಟ್ಟಿ

ಪಂಚಾಯತಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನನಗೊಂದು ಚಟ ಬಿದ್ದಿದೆ. ಕಸಬರಿಗೆ ಕೊಳ್ಳಬೇಕಾದರೂ ಮೂರು ಅಂಗಡಿಯಿಂದ ದರಪಟ್ಟಿ ತರಿಸಿ, ಹೋಲಿಕೆ ಮಾಡಿ, ಕಡಿಮೆ ಹೇಳಿದವರಿಗೆ ಕೊಡುವುದು. ಕಂಪ್ಯೂಟರಿನ ವಿಷಯದಲ್ಲೂ ಹಾಗೇ ಮಾಡಿದೆ. ಪ್ರೊಸೆಸರ್, ಮದರ್‌ಬೋರ್ಡ್, ರ್ಯಾಮ್, ಪವರ್ ಸಪ್ಲೈ, ಕ್ಯಾಬಿನೆಟ್, ಹೀಗೆ ಯಾದಿ ಬರೆದು, ಕೆಳಗೆ "ದರಪಟ್ಟಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಸಲ್ಲಿಸಲು ಕೋರಿದೆ" ಎಂದು ಸೇರಿಸಿ ಗಂಗಾವತಿಯ ಮೂರು ಅಂಗಡಿಗೆ ಕಳಿಸಿದೆ.

ಮೂರೂ ಲಕೋಟೆ ಬಂದವು. ತೆರೆದು ನೋಡಿದೆ. ಮೊಬೈಲಿನಲ್ಲಿ ನೋಡಿಟ್ಟುಕೊಂಡ ಬೆಲೆಗಿಂತ ಎಲ್ಲರದೂ ಏಳೆಂಟು ಸಾವಿರ ಹೆಚ್ಚು. ಕಡಿಮೆ ಬರೆದವನಿಗೆ ಫೋನ್ ಮಾಡಿ, "ಇದೇನ್ರಿ ಇಷ್ಟ ಹಾಕೀರಿ?" ಎಂದು ಕೇಳಿದೆ.

"ಚಿಂತಿ ಮಾಡಬ್ಯಾಡ್ರಿ ಮೇಡಂ" ಎಂದು ದನಿ ತಗ್ಗಿಸಿದ. "ನಿಮ್ಮದೂ ಅದರಾಗ ಸೇರೇತಿ."

"ನಮ್ಮದಂದ್ರ ಏನ್ರಿ?"

"ಆಫೀಸಿಂದ್ರಿ. ನಿಮ್ಮದು, ಸಾಹೇಬ್ರದು, ಬಿಲ್ ಪಾಸ್ ಮಾಡೋರದು."

"ಅಯ್ಯ, ಇದು ಆಫೀಸಿಗಲ್ರಿ, ನಮ್ಮ ಮನಿಗೆ!"

ಅವನು ಬಹಳ ಮರ್ಯಾದೆಯಿಂದ ಕೇಳಿದ, "ಮನಿಯಾಗ ಎಷ್ಟ ಮಂದಿಗೆ ಹಂಚಬೇಕ್ರಿ?"

ನನಗೆ ಸಿಟ್ಟೂ ಬಂತು, ನಗೆಯೂ ಬಂತು. "ಒಬ್ಬಾಕಿಗೆ. ಸಾಹೇಬ್ರ ಪಾಲು, ಬಿಲ್ಲಿನವರ ಪಾಲು, ನನ್ನ ಪಾಲು, ಮೂರೂ ತಗದು ಮತ್ತೊಮ್ಮೆ ಬರದು ಕಳಸ್ರಿ" ಎಂದೆ. ನಿಂತ ಕಾಲಲ್ಲಿ ಆರು ಸಾವಿರ ಇಳಿಯಿತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಪಾಲು ಎಂದು ನಾನು ಕಂಡದ್ದು ಅದೊಂದೇ.

೪. ಸಾಣಾಪುರದ ಪರದೆ

ಹೊಸ ಮಾನಿಟರಿಗೆ ನನ್ನ ದುಡ್ಡು ಸಾಲುತ್ತಿರಲಿಲ್ಲ. ಸಾಣಾಪುರದ ಕೆರೆ ಹತ್ತಿರ ಪ್ರವಾಸಿಗಳಿಗೆ ಊಟ, ಕೋಣೆ ಕೊಡುತ್ತಿದ್ದವರೊಬ್ಬರು ವ್ಯಾಪಾರ ಮುಚ್ಚಿ ಸಾಮಾನು ಮಾರುತ್ತಿದ್ದಾರೆ ಎಂದು ಕೇಳಿ ಬಸ್ಸು ಹತ್ತಿದೆ. ದೊಡ್ಡ ಮಾನಿಟರ್, ಮೂರೇ ಸಾವಿರ. ಇಷ್ಟು ಸೋವಿ ಯಾಕೆ ಎಂದು ಕೇಳಿದೆ.

"ಏನೂ ಇಲ್ರಿ, ಸ್ವಲ್ಪ ನೆನಪು ಉಳದೈತಿ ಅದಕ್ಕ" ಎಂದರು.

ಚಾಲೂ ಮಾಡಿದಾಗ ಅರ್ಥವಾಯಿತು. ಅದನ್ನು ಬಾಗಿಲಲ್ಲಿಟ್ಟು ಹಗಲು ರಾತ್ರಿ ತಿಂಡಿಯ ದರಪಟ್ಟಿ ತೋರಿಸಿದ್ದರು. ಎರಡು ವರ್ಷ ಅದೇ ಅಕ್ಷರ ನಿಂತು ನಿಂತು, ಈಗ ಪರದೆಯ ಮೇಲೆ ಏನೇ ಬಂದರೂ ಹಿಂದೆ ಮಸುಕಾಗಿ ಮಸಾಲೆ ಚಹಾ, ಆಮ್ಲೆಟ್, ಬಾಳೆಹಣ್ಣಿನ ದೋಸೆ ಕಾಣುತ್ತಿದ್ದವು. ನಾನು ಎರಡು ಮನಸ್ಸಿನಲ್ಲಿ ನಿಂತಿದ್ದೆ. "ಆಟದಾಗ ಮುಳಗಿದ್ರ ಕಾಣಂಗಿಲ್ರಿ" ಎಂದು ಅವರು ಧೈರ್ಯ ಹೇಳಿದರು. ಇನ್ನೂರು ಕಡಿಮೆ ಮಾಡಿಸಿ ತಂದೆ. ಮನೆಯಲ್ಲಿ ಚಾಲೂ ಮಾಡಿದಾಗ ಅತ್ತೆ ಅದನ್ನು ನೋಡಿ, "ರೇಟ್ ಭಾಳ ಹಚ್ಯಾರ" ಎಂದರು. ಮಾನಿಟರಿನ ರೇಟೆಂದು ನಾನು ಗಾಬರಿಯಾದೆ. ಅವರು ಆಮ್ಲೆಟ್ಟಿನ ಸಾಲು ಓದುತ್ತಿದ್ದರು.

೫. ಹಲ್ಲು ನೋಡಿ ಕೊಂಡ ಕಾರ್ಡು

ಗೇಮಿಂಗ್ ಕಂಪ್ಯೂಟರಿನ ಜೀವ ಗ್ರಾಫಿಕ್ಸ್ ಕಾರ್ಡು. ಹೊಸದರ ಬೆಲೆ ಕೇಳಿದರೆ ಬೆವರು ಬರುತ್ತಿತ್ತು. ಕುಷ್ಟಗಿಯಲ್ಲಿ ಒಬ್ಬ ಗೇಮಿಂಗ್ ಸೆಂಟರ್ ಮುಚ್ಚಿ ಹಳೆಯ ಕಾರ್ಡುಗಳನ್ನು ಮಾರುತ್ತಿದ್ದ. ಹಳೆಯದನ್ನು ಕೊಳ್ಳುವಾಗ ಮೋಸ ಹೋದರೆ ನನ್ನ ಕಥೆ ಮುಗಿದಂತೆ. ಕಾರಿನ ಸ್ಟೇರಿಂಗ್ ಹಿಡಿಯಲು ಹೋದರೆ ಕೈಗೆ ಫ್ರಿಜ್ಜಿನ ಹಿಡಿಕೆ ಬಂದಂತೆ ನನಗೆ ಕನಸು ಬೀಳುತ್ತಿತ್ತು. ಜೊತೆಗೆ ಯಾರಾದರೂ ಗಟ್ಟಿ ಮನುಷ್ಯರು ಬೇಕೆನಿಸಿ ಯಲಬುರ್ಗಾ ಕಡೆಯ ನಮ್ಮ ಕಾಕಾನನ್ನು ಕರೆಸಿದೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಕಂಪ್ಯೂಟರನ್ನು ಮುಟ್ಟಿದವನಲ್ಲ. ಆದರೆ ಸುತ್ತಲ ಹತ್ತು ಊರಿನವರು ಎತ್ತು ಕೊಳ್ಳುವಾಗ ಅವನನ್ನು ಮುಂದೆ ಮಾಡಿಕೊಂಡು ಹೋಗುತ್ತಾರೆ.

ಮಾರುವವನು ಒಂದು ಕಾರ್ಡು ಕೊಟ್ಟು, "ಮೂರ ತಿಂಗಳ ಬಳಸೀನ್ರಿ ಅಷ್ಟ" ಎಂದ. ಕಾಕಾ ಅದನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ, ಕೆಳಗಿನ ಅಂಚನ್ನು ನೋಡಿದ. ಮದರ್‌ಬೋರ್ಡಿಗೆ ಸಿಕ್ಕಿಸುವ ಆ ಅಂಚಿನಲ್ಲಿ ಬಂಗಾರ ಬಣ್ಣದ ಸಣ್ಣ ಸಣ್ಣ ಪಟ್ಟಿಗಳು ಸಾಲಾಗಿರುತ್ತವೆ.

"ಹಲ್ಲು ಸವದಾವಲ್ಲೋ. ಇದನ್ನ ಭಾಳ ಸಲ ಹೂಡಿ ಬಿಟ್ಟಾರ."

ಮೂಸಿ ನೋಡಿದ. "ಮೈ ಕಾದು ಕಾದು ವಾಸನಿ ಹಿಡದೈತಿ." ಬೆರಳಿನಿಂದ ಫ್ಯಾನು ತಿರುಗಿಸಿದ. "ಕಾಲು ಎಳೀತೈತಿ. ಮೂರ ತಿಂಗಳಂತ? ನಾಕ ವರ್ಷ ದುಡದ ಜೀವ ಇದು."

ಮಾರುವವನ ಮುಖ ಇಳಿಯಿತು. ಒಳಗೆ ಹೋಗಿ ಇನ್ನೊಂದು ತಂದ. ಕಾಕಾ ಹಲ್ಲು ನೋಡಿ ತಲೆಯಾಡಿಸಿ, "ನಾಕ ಹೆಜ್ಜಿ ನಡಸಿ ತೋರಸು" ಎಂದ. ಅವನು ನನ್ನ ಮುಖ ನೋಡಿದ. "ಜೋಡಿಸಿ ಒಂದ ತಾಸು ಆಟ ಓಡಸ್ರಿ" ಎಂದು ನಾನು ಬಿಡಿಸಿ ಹೇಳಿದೆ. ಒಂದು ತಾಸು ಓಡಿಸಿದ. ಕಾಕಾ ಮುಂದೆ ಕುಕ್ಕರಗಾಲಲ್ಲಿ ಕೂತು, ಆಗಾಗ ಕಾರ್ಡಿನ ಮೇಲೆ ಅಂಗೈ ಇಟ್ಟು ನೋಡಿದ. "ದಮ್ಮು ಹತ್ತವಲ್ದು, ಛಲೋ ಐತಿ. ತಗೋ" ಎಂದ.

ಒಂಬತ್ತು ಸಾವಿರ ಕೊಟ್ಟು ಹೊರಡುವಾಗ ಮಾರುವವನಿಗೆ ತಡೆಯಲಾಗಲಿಲ್ಲ. "ಕಾಕಾ, ನೀವು ಯಾವ ಕಂಪನಿಯಾಗ ಇಂಜಿನಿಯರ್ರಿ?"

"ಕೋಡು ಇಲ್ಲದ್ದನ್ನ ನೋಡಿದ್ದು ಇದ ಮೊದಲು" ಎಂದ ಕಾಕಾ.

೬. ಟವೆಲ್ಲಿನ ಕೆಳಗೆ

ಉಳಿದ ಸಾಮಾನು ಕೊಂಡು ಅಲ್ಲೇ ಜೋಡಿಸಿಕೊಂಡು ಬರಲು ಯುಗಾದಿಯ ಹಿಂದಿನ ದಿನ ಕಾರ್ಡು ಹಿಡಿದುಕೊಂಡು ನಾನೂ ಕಾಕಾನೂ ಗಂಗಾವತಿಗೆ ಹೋದೆವು. ಆರು ಸಾವಿರ ಇಳಿಸಿದ ಆ ಅಂಗಡಿಯೇ. ಆದರೂ ನನ್ನ ಹತ್ತಿರ ಎರಡು ಸಾವಿರ ಕಡಿಮೆ ಬೀಳುತ್ತಿತ್ತು. ನಾನು ಬೇಡಿದೆ, ಅಂಗಡಿಯವನು ಆಗುವುದಿಲ್ಲ ಎಂದ. ರ್ಯಾಮ್ ಅರ್ಧ ಮಾಡಿಕೊಳ್ಳಿ ಎಂದ. ಅರ್ಧ ರ್ಯಾಮಿನಲ್ಲಿ ನನ್ನ ಕಾರು ಎತ್ತಿನಗಾಡಿಯಾಗುತ್ತದೆ ಎಂದು ನಾನು ಜಗ್ಗಲಿಲ್ಲ.

ಆಗ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಅಂಗಡಿಯವನ ಕೈಮೇಲೆ ಹಾಕಿ, ಅದರ ಕೆಳಗೆ ಅವನ ಬೆರಳು ಹಿಡಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಬಿಡಿಸಿ ಹೇಳುತ್ತಾರೆ. ಕನ್ನಡಕ ಹಾಕಿದ ಆ ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ.

"ಮೇಡಂ, ಇವ್ರು ಏನ್ ಮಾಡಾಕತ್ತಾರ್ರಿ?"

"ರೇಟ್ ಮಾತಾಡಾಕತ್ತಾರ್ರಿ."

"ಬಾಯೇ ಬಿಡವಲ್ರಲ್ರಿ!"

ಕಾಕಾ ಬೆರಳು ಒತ್ತಿದ. ಅಂಗಡಿಯವನಿಗೆ ಕಚಗುಳಿ ಆಯಿತೋ, ಅಂಜಿಕೆ ಆಯಿತೋ, ಎರಡು ಬೆರಳು ಹಿಂದಕ್ಕೆಳೆದುಕೊಂಡ. ಕಾಕಾ ಟವೆಲ್ ಝಾಡಿಸಿ ಹೆಗಲಿಗೆ ಹಾಕಿ, "ಮುಗೀತು. ಎರಡ ಸಾವಿರ ಬಿಟ್ಟಾನ" ಎಂದು ಸಾರಿದ.

"ನಾ ಯಾವಾಗ ಬಿಟ್ಟೆ?" ಎಂದು ಅಂಗಡಿಯವನು ಕೂಗಿಕೊಂಡ. ಅಲ್ಲಿದ್ದ ಗಿರಾಕಿಗಳು ಮೂವರೂ ಒಕ್ಕಲುತನದ ಮನೆಯವರು. "ಬಿಟ್ಟಿಯಪಾ, ಟವೆಲ್ ಅಳ್ಳಾಡಿದ್ದು ನಾವೂ ನೋಡೀವಿ. ಕೈ ಕೊಟ್ಟಮ್ಯಾಲ ಹಿಂದ ಸರೀಬಾರದು" ಎಂದು ಪಂಚಾಯತಿ ಮುಗಿಸಿದರು. ಪಾಪ, ಬಿಟ್ಟ. ಅವತ್ತು ಅಲ್ಲಿಂದ ಮುಂದೆ ಕಾಕಾನ ಜೊತೆ ಮಾತಾಡುವಾಗೆಲ್ಲ ಅವನು ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಎದ್ದು ನಿಂತಿತು. ಕಾರಿನ ಆಟವನ್ನೂ ಅಂಗಡಿಯವನೇ ಹಾಕಿಕೊಟ್ಟ. ನಾನು ಆಡಿದ್ದ ಆಟದ್ದೇ ಹೊಸ ಅವತಾರ, ಮೊದಲ ರಸ್ತೆ ಹಳೆಯದೇ ಅಂತೆ. ಅಲ್ಲೇ ಆಡಿ ನೋಡಿ ಎಂದ. ಮನೆಯಲ್ಲೇ ಆಡುತ್ತೇನೆ ಎಂದು ನಾನು ಆಟೋ ತರಲು ಹೋದೆ. ಬರುವಷ್ಟರಲ್ಲಿ ಕಾಕಾ ಡಬ್ಬವನ್ನು ಹೊಚ್ಚ ಹೊಸ ಹಗ್ಗದಿಂದ ಬಿಗಿದು, ಗಂಟಿಗೊಂದು ಕೆಂಪು ಗೊಂಡೆ ಕಟ್ಟಿ ನಿಲ್ಲಿಸಿದ್ದ. ಎಷ್ಟು ಕಾಳಜಿ ಎಂದು ನನ್ನ ಕಣ್ಣು ತುಂಬಿತು.

೭. ಮಾರಿದವರ ಹಗ್ಗ

ಮನೆಗೆ ಬಂದ ಕೂಡಲೇ ಬಿಚ್ಚಲು ಹೋದೆ. "ಅಮಾಸಿ ದಿನ ಹೊಸಾದು ಚಾಲೂ ಮಾಡಬ್ಯಾಡ" ಎಂದರು ಅತ್ತೆ. ಒಂದು ದಿನ ತಾನೇ ಎಂದು ಸುಮ್ಮನಾದೆ.

ಯುಗಾದಿಯ ದಿನ ಎಣ್ಣೆನೀರು, ಬೇವುಬೆಲ್ಲ, ಹೋಳಿಗೆ ಊಟ, ಬಂದವರು ಹೋದವರು ಎಲ್ಲ ಮುಗಿದಾಗ ನಾಲ್ಕು ಗಂಟೆ. ಹಬ್ಬಕ್ಕೆಂದು ಉಳಿದಿದ್ದ ಕಾಕಾನೂ ಸೇರಿ ಎಲ್ಲರೂ ಸುತ್ತ ಕೂತರು. ಡಬ್ಬ ಬಿಚ್ಚಿದೆ. ಸಾಣಾಪುರದ ಮಾನಿಟರ್ ಇಟ್ಟೆ. ಕ್ಯಾಬಿನೆಟ್ ಇಟ್ಟೆ. ಕರೆಂಟಿನ ವೈರಿಗಾಗಿ ಡಬ್ಬದಲ್ಲಿ ಕೈಯಾಡಿಸಿದೆ. ಇರಲಿಲ್ಲ. ಡಬ್ಬ ಬೋರಲು ಹಾಕಿದೆ. ಇರಲಿಲ್ಲ.

"ಕಾಕಾ, ಇದರ ವೈರ್ ಎಲ್ಲೈತಿ? ಕರೇದು, ದಪ್ಪಂದು?"

"ಅದನ್ನ ಬಿಚ್ಚಿ ಅಂಗಡಿಯವಗ ಕೊಟ್ಟೆ."

"ಯಾಕ?"

ಕಾಕಾ ನನ್ನನ್ನೇ ಹುಚ್ಚಿಯಂತೆ ನೋಡಿದ. "ಮಾರಿದವ್ರ ಹಗ್ಗ ಯಾರರ ತರತಾರೇನು? ಅವನ ಕೊಟ್ಟಗಿ ಲಕ್ಷ್ಮಿ ಅದು, ಅವನ ಹತ್ರನ ಇರಬೇಕು. ಕೊಂಡವ್ರು ಹೊಸಾ ಹಗ್ಗ ಒಯ್ಯಬೇಕು. ಅದಕ್ಕ ನಾ ಹೊಸಾದು ತಂದಿದ್ದೆನಲ್ಲ?"

ಕೆಂಪು ಗೊಂಡೆಯ ಹಗ್ಗ ನನ್ನ ಕಾಲಡಿಗೇ ಬಿದ್ದಿತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. ಹಬ್ಬಕ್ಕೆ ಹೆಂಡತಿ ಊರಿಗೆ ಹೋಗಿದ್ದ. "ಕಾಕಾ ಹೇಳಿದಂಗ ಅದನ್ನ ಲಕ್ಷ್ಮಿ ಫೋಟೊಕ್ಕ ಹಾಕೀನ್ರಿ ಮೇಡಂ. ನೀವು ಹೋದಮ್ಯಾಲ ಎರಡ ಲ್ಯಾಪ್‌ಟಾಪ್ ಹೋದ್ವು. ಈಗ ತಗಿ ಅಂದ್ರ ಹೆಂಗ್ರಿ?" ಎಂದ. ಕೊಪ್ಪಳದ ಅಂಗಡಿಗಳಿಗೆ ಓಡಿದೆ. ಎಲ್ಲ ಬಾಗಿಲಿಗೂ ಮಾವಿನ ತೋರಣ, ಎಲ್ಲ ಬಾಗಿಲಿಗೂ ಬೀಗ. ಮಾನಿಟರಿನ ವೈರು ಸಣ್ಣ ಬಾಯಿಯದು, ಇದಕ್ಕೆ ಹಿಡಿಯಲಿಲ್ಲ. ಮತ್ತೆ ಮನೆಗೆ ಬಂದಾಗ ಬಿಸಿಲು ಗೋಡೆ ಹತ್ತಿತ್ತು. ಯಜಮಾನರು ಪೇಪರಿನಲ್ಲಿ ಬಂದ ಫ್ರಿಜ್ಜಿನ ಜಾಹೀರಾತನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ನಲವತ್ತಕ್ಕೆ ಬಂದ ಹೆಂಗಸು ನಾನು. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಸಣ್ಣ ಹುಡುಗಿಯ ಹಾಗೆ ಬಿಕ್ಕಿದೆ. ಮೂರನೇ ತಿರುವಿನ ಮಾತು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಅವತ್ತು ಅಳುತ್ತಲೇ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅತ್ತೆ ಹತ್ತಿರ ಬಂದು, "ಎಂಥಾ ವೈರು ಅದು? ಎಲ್ಲಿ ಹಚ್ಚೂದು?" ಎಂದು ಕೇಳಿದರು. ಕ್ಯಾಬಿನೆಟ್ಟಿನ ಹಿಂದಿನ ಮೂರು ಕಡ್ಡಿಯ ಬಾಯಿ ತೋರಿಸಿದೆ. ಬಗ್ಗಿ ನೋಡಿ ಒಳಗೆ ಹೋದರು. ದೀಪ ಹಚ್ಚಲು ಹೋದರು, ಇನ್ನು ಮುಗಿಯಿತು ಅಂದುಕೊಂಡೆ. ತಿರುಗಿ ಬಂದಾಗ ಅವರ ಕೈಯಲ್ಲಿ ಅನ್ನದ ಕುಕ್ಕರಿನ ವೈರಿತ್ತು. ತುದಿಗೆ ಒಂದೆರಡು ಅಗುಳು ಅಂಟಿದ್ದವು. ಸೀರೆಯ ಸೆರಗಿನಿಂದ ಒರೆಸಿ ಕೊಟ್ಟರು.

"ಇದು ಹಿಡಿತೈತೇನ ನೋಡು."

ಹಿಡಿಯಿತು. ಕುಕ್ಕರಿನ ಬಾಯಿ, ಕಂಪ್ಯೂಟರಿನ ಬಾಯಿ ಒಂದೇ ಅಳತೆ.

"ಅತ್ತೀ, ರಾತ್ರಿ ಅನ್ನ?"

"ಹೋಳಿಗಿ ಐತಿ, ರೊಟ್ಟಿ ಐತಿ. ಯಾರೂ ಸಾಯಂಗಿಲ್ಲ."

"ದೀಪ ಹಚ್ಚೂ ಹೊತ್ತಾತಲ್ಲವಾ?" ಎಂದು ಯಜಮಾನರು ಕಿಟಕಿಯ ಕಡೆ ನೋಡಿ ನೆನಪಿಸಿದರು.

"ನಾ ಹಚ್ಚೂದ್ರಾಗ ಅಂದಿದ್ದೆ" ಎಂದು ಅತ್ತೆ ನನ್ನ ಪಕ್ಕ ಕೂತರು. "ನಾ ಇನ್ನೂ ಹಚ್ಚಿಲ್ಲ."

ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಕಾಕಾ ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು, "ದಮ್ಮು ಸರಿ ಐತಿ" ಎಂದ. ಕಾರು ಹೊರಟಿತು. ಆಕಾಶದಲ್ಲಿ ಮಸುಕಾಗಿ ಆಮ್ಲೆಟ್ ತೇಲುತ್ತಿತ್ತು, ರಸ್ತೆಯ ಬದಿಗೆ ಮಸಾಲೆ ಚಹಾ. ಮೊದಲ ತಿರುವು ದಾಟಿದೆ. ಎರಡನೆಯದು ದಾಟಿದೆ. ಮೂರನೆಯದು ಕಣ್ಣಿಗೆ ಬಿದ್ದ ಕೂಡಲೇ ಹಳೆಯ ಅಭ್ಯಾಸಕ್ಕೆ ಬೆನ್ನು ಸೆಟೆಯಿತು, ಏಳವಾ ಎಂಬ ದನಿ ಬರುತ್ತದೆ ಅಂತ. ದನಿಯೇನೋ ಬಂತು. "ಬಲಕ್ಕ ಜಗ್ಗು, ಬಲಕ್ಕ!" ಎಂದು ಕಾಕಾ ಕೂಗುತ್ತಿದ್ದ. ಜಗ್ಗಿದೆ. ದಾಟಿದೆ.

ಆಚೆ ಸಮುದ್ರ ಇರಲಿಲ್ಲ. ರಸ್ತೆ ಮುಗಿದೂ ಇರಲಿಲ್ಲ. ಎರಡೂ ಬದಿಗೆ ಗುಡ್ಡ, ನಡುವೆ ಉದ್ದಕ್ಕೆ ಚಾಚಿದ ರಸ್ತೆ, ಅಷ್ಟೇ. ನನಗೆ ಅಷ್ಟೇ ಸಾಕಾಯಿತು.

"ಇದನ್ನ ನೋಡಾಕ ಇಪ್ಪತ್ತ ವರ್ಷ ಕಾದಿಯೇನು?" ಎಂದರು ಅತ್ತೆ.

"ಹೂಂ ಅತ್ತಿ."

ಅವರು ಪರದೆಯ ಹತ್ತಿರಕ್ಕೆ ಸರಿದು ನನ್ನ ಭುಜ ತಟ್ಟಿದರು.

"ಏಳವಾ, ಹತ್ತು ನಿಮಿಷ ಆತು. ನಾಕನೇ ತಿರುವು ನಾ ನೋಡತೀನಿ."

ಅವತ್ತು ನಮ್ಮ ಮನೆಯಲ್ಲಿ ದೀಪ ಹಚ್ಚಿದ್ದು ಯಜಮಾನರು.